ಸ್ವಾಮಿಗಳು ಕೆಂಡ ಮುಟ್ಟಿದ ದಿನ

ಪೂಜ್ಯ ಚಿದ್ಘನ ಸ್ವಾಮಿಗಳು ಕೋಡಿಬೇಲೆಯ ಮರಳ ದಂಡೆಯಲ್ಲಿ, ಮೀನುಗಾರರು ಹಳೆಯ ಬಲೆ ತುಂಬಿಡುತ್ತಿದ್ದ ತೆಂಗಿನ ಮಡಲಿನ ಚಪ್ಪರದಲ್ಲಿ ಹನ್ನೊಂದು ವರ್ಷ ಇದ್ದರು. ಸನ್ಯಾಸ ಸ್ವೀಕರಿಸಿದ ದಿನವೇ ಅಗ್ನಿಯನ್ನು ತ್ಯಜಿಸಿದ್ದರು. ಅಡುಗೆ ಮಾಡುತ್ತಿರಲಿಲ್ಲ, ಚಳಿಗೂ ಮೈ ಕಾಯಿಸಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೊಟ್ಟರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಉಪವಾಸ.

ಆ ಕಾರ್ತಿಕದಲ್ಲಿ ಚಂಡಮಾರುತದ ಸುದ್ದಿ ಬಂತು. ಸಂಜೆಯೊಳಗೆ ಎಲ್ಲರೂ ಗುಡ್ಡದ ಶಾಲೆಗೆ ಹೋಗಬೇಕೆಂದು ಜೀಪಿನ ಮೈಕು ಬೆಳಿಗ್ಗೆಯಿಂದ ಕೂಗಿತು. ಮಧ್ಯಾಹ್ನಕ್ಕೆ ಕೇರಿ ಖಾಲಿ. ಸುಕ್ರಿ ಮಾತ್ರ ಇಬ್ಬರು ಹೆಣ್ಣುಮಕ್ಕಳನ್ನು ಮಗ್ಗುಲಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿದ್ದಳು. ಅವಳ ಗಂಡ ಬೊಮ್ಮ ದೋಣಿ ಇಳಿಸಿ ಮೂರು ದಿನವಾಗಿತ್ತು. ಗಂಡ ಕಡಲಿನಲ್ಲಿರುವಾಗ ಹೆಂಡತಿ ಒಲೆ ಆರಲು ಬಿಡಬಾರದು, ಆ ಬೆಂಕಿಯನ್ನು ತಾನೇ ಹೊಸಿಲು ದಾಟಿಸಲೂಬಾರದು. ಅದು ಆ ಕೇರಿಯ ನೇಮ. ಬೇರೆಯವರು ಎತ್ತಿಕೊಂಡು ಹೋಗಬಹುದಿತ್ತು. ಆದರೆ ಅವರೆಲ್ಲ ತಮ್ಮ ಮಕ್ಕಳನ್ನೂ ಗಂಟುಗಳನ್ನೂ ಹೊತ್ತು ಆಗಲೇ ಗುಡ್ಡ ಹತ್ತಿದ್ದರು.

ಅಂಗಳಕ್ಕೆ ನೊರೆ ಬಂದಾಗ ಸ್ವಾಮಿಗಳು ಬಾಗಿಲಲ್ಲಿ ನಿಂತರು.

"ಏಳಮ್ಮ."

"ನಾ ಬರುದಿಲ್ಲ. ಒಲೆ ಆರಿದ್ರೆ ಅವ್ರು ಬರುದಿಲ್ಲ. ಬೆಂಕಿ ಮುಟ್ಟದ ಸ್ವಾಮ್ಯೋರಿಗೆ ಒಲೆ ಅಂದ್ರೆ ಎಂತ ಗೊತ್ತು? ನಿಮ್ಮೋರು ಯಾರಿದ್ದಾರೆ ಕಡಲಲ್ಲಿ?"

ಸ್ವಾಮಿಗಳು ತಲೆ ಬಗ್ಗಿಸಿ ಒಳಗೆ ಬಂದರು. ಮೀನು ಬೇಯಿಸುವ ಮಡಕೆಗೆ ಬೂದಿ ಹಾಸಿ, ತೆಂಗಿನ ಚಿಪ್ಪಿನಿಂದ ಕೆಂಡ ತುಂಬತೊಡಗಿದರು. ಅಭ್ಯಾಸವಿಲ್ಲದ ಕೈ, ಎರಡು ಸಲ ಸುಟ್ಟಿತು.

ಸುಕ್ರಿ ಬೆಚ್ಚಿದಳು. "ಸ್ವಾಮ್ಯೋರೆ, ನಿಮ್ಮ ನೇಮ!"

"ನಿನ್ನದು ಉಳಿಯಲಿ. ನನ್ನದು ಮುರಿಯಲಿ. ಮಕ್ಕಳನ್ನು ಎತ್ತಿಕೋ."

ಮಡಕೆಯನ್ನು ಕಾವಿಯ ಸೆರಗಿನಲ್ಲಿ ಮರೆಮಾಡಿಕೊಂಡು ಅವರು ಮುಂದೆ ನಡೆದರು. ಹೊತ್ತು ಮುಳುಗುವ ಮೊದಲೇ ಸಮುದ್ರ ಇಡೀ ಕೇರಿಯನ್ನು ಎಳೆದುಕೊಂಡಿತು. ಸುಕ್ರಿಯ ಗುಡಿಸಲಿನ ಜಾಗದಲ್ಲಿ ಒಂದು ಕಂಬವೂ ಉಳಿಯಲಿಲ್ಲ.

ಶಾಲೆಯ ಜಗಲಿಯಲ್ಲಿ ಮೂರು ಕಲ್ಲಿಟ್ಟು ಸುಕ್ರಿ ಐದು ದಿನ ಆ ಬೆಂಕಿ ಕಾಯ್ದಳು. ಆರನೆಯ ದಿನ ಬೊಮ್ಮನ ಹೆಣ ದಡಕ್ಕೆ ಬಂತು.

ಮಣ್ಣು ಮಾಡಿ ಬಂದ ಮೇಲೆ, ಒಲೆಯನ್ನು ಅವಳ ಕೈಯಿಂದಲೇ ಆರಿಸಬೇಕೆಂದು ಹಿರಿಯರು ಹೇಳಿದರು. ಸುಕ್ರಿ ನೀರು ತುಂಬಿದ ಪಾತ್ರೆ ಹಿಡಿದು ನಿಂತಳು.

"ಇನ್ನು ಇದು ಯಾರಿಗೆ, ಸ್ವಾಮ್ಯೋರೆ?"

ಸ್ವಾಮಿಗಳು ಸಮಾಧಾನದ ಮಾತು ಆಡಲಿಲ್ಲ. "ಆ ನೀರನ್ನು ಒಲೆಗೆ ಸುರಿಯಬೇಡ. ಒಲೆಯ ಮೇಲಿಡು. ಮಕ್ಕಳು ಹಸಿದಿದ್ದಾರೆ," ಎಂದರು.

ಹಿರಿಯರು ಗೊಣಗಿದರು. ಅವಳು ಪಾತ್ರೆಯನ್ನು ಕಲ್ಲುಗಳ ಮೇಲಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು ಬೆಂಕಿ ಊದಿದಳು. ಶಾಲೆಯಲ್ಲಿದ್ದ ಮಕ್ಕಳೆಲ್ಲ ಗಂಜಿ ಉಂಡರು. ಕೊನೆಯ ಮಗು ಉಂಡೆದ್ದ ಮೇಲೆ ಸುಕ್ರಿ ಅತ್ತಳು, ಗಂಡ ಸತ್ತ ಮೇಲೆ ಅದೇ ಮೊದಲು. ಕೆಳಗಿನ ಕೇರಿಗಳಿಂದ ಮನೆ ಕಳೆದುಕೊಂಡ ಜನ ಇನ್ನೂ ಗುಡ್ಡ ಹತ್ತಿ ಬರುತ್ತಿದ್ದರು. ಅವಳು ಮುಖ ಒರೆಸಿಕೊಂಡು, ಯಾರನ್ನೂ ಕೇಳದೆ, ಮತ್ತೆ ಎಸರಿಟ್ಟಳು.