ಸರಾಸರಿ ಇಲ್ಲದ ಕವಣೆ

ಕೋಟೆಯ ಆಯುಧಶಾಲೆಗೆ ಅಳತೆಗೋಲೇ ಯಜಮಾನ. ಯಾರೇ ಗೋಡೆಗೆ ಕಲ್ಲೆಸೆಯಲಿ, ಅದು ಬಾಗಿಲಿನಿಂದ ಎಷ್ಟು ದೂರ ತಗಲಿತೆಂದು ಅಳೆದು, ಸರಾಸರಿ ತೆಗೆದು, ನೇತಾಡಲು ಒಂದು ಗಿಳಿಗೂಟ ಕೊಡುತ್ತಿತ್ತು. ಕವಣೆಯ ಸರದಿ ಬಂತು. ಅದು ಗಿರಗಿರನೆ ಸುತ್ತಿ, ತೋಚಿದ ದಿಕ್ಕಿಗೆ ಬೀಸುವ ಜಾತಿ. ಸರಾಸರಿ ನೆಲೆಗೊಂಡಿತು ಎನ್ನುವಷ್ಟರಲ್ಲಿ ಒಂದು ಕಲ್ಲು ಗೋಡೆಗುಂಟ ಹಾರಿ, ಹರದಾರಿ ಆಚೆ ತಗಲಿ, ಲೆಕ್ಕವನ್ನೆಲ್ಲ ಕೆಡಿಸುತ್ತಿತ್ತು.

"ನಿನಗೆ ಸರಾಸರಿಯೇ ಇಲ್ಲ. ಅಂದಮೇಲೆ ಗುಣವೂ ಇಲ್ಲ. ಹೋಗು, ಕರು ಕಟ್ಟುವ ಹಗ್ಗವಾಗು!" ಎಂದಿತು ಅಳತೆಗೋಲು.

ಕವಣೆಗೆ ಮೈಯೆಲ್ಲ ಉರಿಯಿತು. "ನನ್ನ ರೀತಿಯೇ ಅದು, ತಪ್ಪಲ್ಲ."

"ತಡಿಯೇ ತಂಗಿ, ಗೋಲಪ್ಪನಿಗೆ ನೆಟ್ಟಗೆ ಮಲಗುವುದೊಂದೇ ಗೊತ್ತು," ಎಂದು ಮೂಲೆಯಲ್ಲಿದ್ದ ಗಾಡಿಚಕ್ರ ನಕ್ಕಿತು. ಬಾಗಿಲಿನಿಂದ ಪ್ರತಿ ಕಲ್ಲಿನವರೆಗೂ ಉರುಳಿ, ಅಲ್ಲಿ ನೆಲ ಮುಟ್ಟಿದ ತನ್ನ ಅಂಚಿಗೆ ಸುಣ್ಣದ ಬೊಟ್ಟಿಟ್ಟುಕೊಂಡಿತು. ಹರದಾರಿ ಆಚೆಯ ಕಲ್ಲೂ ಒಂದು ಬೊಟ್ಟಷ್ಟೇ ಆಯಿತು. ಎಷ್ಟು ಕಲ್ಲು ಬಿದ್ದರೂ ಬೊಟ್ಟುಗಳ ನಡುಬಿಂದು ನೆಲೆ ಬಿಟ್ಟು ಓಡಲಿಲ್ಲ.

"ಎಷ್ಟು ಸುತ್ತು ಉರುಳಿದೆಯೆಂಬುದೇ ನಿನಗೆ ಮರೆತಿದೆಯಲ್ಲ!" ಎಂದು ಅಳತೆಗೋಲು ಚಕ್ರವನ್ನು ಮೂದಲಿಸಿತು.

"ಒಬ್ಬಳಿಗೆ ಮರೆಯುತ್ತದೆ. ಅದಕ್ಕೇ ಚಿಕ್ಕವರು ದೊಡ್ಡವರು ಅಕ್ಕತಂಗಿಯರೆಲ್ಲ ಉರುಳುತ್ತೇವೆ. ಬೇಕಾದರೆ ಪರೀಕ್ಷೆ ಮಾಡು."

ಚಕ್ರಗಳೆಲ್ಲ ಮೊದಲು ಕವಣೆಯ ಕಲ್ಲುಗಳವರೆಗೆ ಉರುಳಿ ಗುರುತಿಟ್ಟುಕೊಂಡವು. ಆಮೇಲೆ ಕವಣೆಯೂ ಸೇರಿ ಮೂವರು ಮರೆಯಲ್ಲಿ ನಿಂತು ಎಸೆದರು. ಎಲ್ಲ ಅಳತೆಯ ಚಕ್ರಗಳೂ ಉರುಳಿ, ತಮ್ಮ ನಡುಬಿಂದುಗಳನ್ನು ಒಟ್ಟಿಗಿಟ್ಟು ಆ ಗುರುತಿಗೆ ಹೋಲಿಸಿ ನೋಡಿ, "ಎರಡನೆಯದು ಕವಣೆ" ಎಂದವು. ಮರೆ ಸರಿಸಿದರೆ ಕವಣೆಯೇ.

ಅಳತೆಗೋಲು ಗಂಟಲು ಸರಿಮಾಡಿಕೊಂಡಿತು. "ಬಾಮ್ಮ, ಒಳಗೆ ಗಿಳಿಗೂಟ ಖಾಲಿಯಿದೆ."

ಕವಣೆ ಕದಲಲಿಲ್ಲ. "ಮೊದಲು ಅದರ ಮೇಲೆ 'ಸರಾಸರಿ ಇಲ್ಲ' ಎಂದು ದೊಡ್ಡದಾಗಿ ಬರೆಸು. ಆಮೇಲೆ ನೇತಾಡುತ್ತೇನೆ."