ಸೂಗವ್ವ ಓದಿದ ಚಿಪ್ಪಿನ ಕಲ್ಲು

ಭಾಳ ಹಿಂದ, ನಮ್ಮ ಮುತ್ತಜ್ಜಗೂ ಬರೇ ಕೇಳಿ ಗೊತ್ತಿದ್ದ ಕಾಲದಾಗ, ತೊಗರನಾಳ ಅಂತ ಒಂದೂರಿತ್ತಂತ. ಆ ಊರಾಗ ಬಾವಿ ತೋಡೋ ಸೂಗವ್ವ ಅಂತ ಒಬ್ಬಾಕಿ ಇದ್ಳಂತ. ನೆಲಕ್ಕ ಕಿವಿ ಹಚ್ಚಿದ್ರ ಆಕಿಗಿ ಏಳಾಳು ಕೆಳಗಿನ ನೀರಿನ ಸಪ್ಪಳ ಕೇಳ್ತಿತ್ತು ಅಂತಾರ. ಅದನ್ನ ನಾ ನಂಬಂಗಿಲ್ಲ ಬಿಡ್ರಿ. ಆದ್ರ ಮುಂದಿಂದು ಖರೇ.

ಒಂದು ವರ್ಷ ಊರಿನ ಹಳೇ ಬಾವಿ ನೀರು ಉಪ್ಪಾತು. ಬೇಳಿ ಬೇಯವಲ್ದು, ಎಮ್ಮಿ ಮೂಸಿ ನೋಡಿ ಮಾರಿ ತಿರುವ್ತಾವ. ಯುಗಾದಿಯೊಳಗ ಸಿಹಿನೀರು ಸಿಗಲಿಲ್ಲಂದ್ರ ಊರು ಬಿಡೋದೇ ಅಂತ ಗೌಡ ಮಲ್ಕಪ್ಪ ಹೇಳಿಬಿಟ್ಟ. ಎಲ್ಲಾರೂ ಸೂಗವ್ವನ ಮಾರಿ ನೋಡಿದ್ರು.

ಸೂಗವ್ವ ಊರ ಹೊರಗ ನೆಲ ಕೆದರಿದ್ಳು. ಒಂದು ಹಾಸುಗಲ್ಲು ಸಿಕ್ತು. ಅದರ ತುಂಬ ಕಲ್ಲಾಗಿ ಹೋದ ಬಸವನಹುಳದ ಚಿಪ್ಪು. ಎಲ್ಲಾ ಚಿಪ್ಪಿನ ಚೂಪು ತುದಿ ಮೂಡಲಕ್ಕ, ಬಾಯಿ ಪಡುವಲಕ್ಕ. ಇಲ್ಲಿ ಒಂದು ಕಾಲಕ್ಕ ದೊಡ್ಡ ಕೆರಿ ಇತ್ತು, ಅದರ ತಳದಾಗ ಉಸುಕು ರಾಡಿ ನುಗ್ಗಿ ಬಂದು ಇವನ್ನೆಲ್ಲ ಒಂದೇ ದಿಕ್ಕಿಗಿ ತಿರುಗಿಸ್ಯದ ಅಂತ ಆಕಿಗಿ ಹೊಳೀತು. ರಾಡಿ ಬಂದ ಕಡಿ ದಪ್ಪ ಉಸುಕು ಮೊದಲು ಕುಂದರ್ತದ, ಸಿಹಿನೀರು ಇದ್ರ ಅದರಾಗೇ. ಆದ್ರ ಬಂದದ್ದು ಯಾವ ಕಡಿಂದ? ಬಾಯಿ ಇರೋ ಕಡಿಂದ, ಪಡುವಲಕ್ಕ ತೋಡ್ರಿ ಅಂದ್ಳು.

ಊರಿಗೂರೇ ತೋಡ್ತು. ಇಪ್ಪತ್ತು ದಿನ ತೋಡಿದ್ರಂತ. ಜೇಡಿ ಮಣ್ಣು, ಅದರ ಕೆಳಗ ಮತ್ತ ಜೇಡಿ ಮಣ್ಣು. ಒಂದು ಹನಿ ನೀರಿಲ್ಲ. ಯುಗಾದಿಗಿ ಹನ್ನೊಂದು ದಿನ ಉಳಿದಾಗ ಮಂದಿ ಬಂಡಿಗಿ ಸಾಮಾನು ಹೇರಾಕ ಹತ್ತಿದ್ರು.

ರಾಡಿ ಖರೇನೇ ಚಿಪ್ಪನ್ನ ಯಾವ ಕಡೀಗಿ ತಿರುಗಿಸ್ತದ ನೋಡೂಣು ಅಂತ ಸೂಗವ್ವ ಹಳ್ಳದಾಗ ಖಾಲಿ ಚಿಪ್ಪು ಆರಿಸಿ ತಂದು, ದನ ನೀರು ಕುಡಿಯೋ ದೋಣಿ ತಳಕ್ಕ ಹರವಿ, ಒಂದು ತುದೀಲಿಂದ ರಾಡಿ ಸುರುವಿದ್ಳು. ರಾಡಿ ನೀರಿನ ತಳ ಹಿಡದು ಹೋತು. ಚಿಪ್ಪು ಸರ್ರನೆ ತಿರುಗಿದ್ವು. ತಿಳಿಯಾದ ಮ್ಯಾಲ ನೋಡ್ತಾಳ, ಚೂಪು ಎಲ್ಲಾ ಆಕಿ ಕಡೀಗೇ, ರಾಡಿ ಬಂದ ಕಡೀಗೇ! ಏಳು ಸಲ ಸುರುವಿದ್ಳು ಅಂತಾರ, ಕೆಲವರು ಎಪ್ಪತ್ತು ಅಂತಾರ. ಒಂದು ಸಲಾನೂ ಬ್ಯಾರೆ ಆಗಲಿಲ್ಲ. ಅಯ್ಯೋ, ನನ್ನ ಬುದ್ಧಿಗಿ ಮಣ್ಣು ಹಾಕ ಅಂತ ಹಣಿ ಬಡಕೊಂಡ್ಳು.

ದೇವಿ ಮುನಿಸಿಕೊಂಡಾಳ ಅಂದಿದ್ರ ನಂಬೋ ಮಂದೀನೇ ಅವರು. ಆಕಿ ಹಂಗನ್ನಲಿಲ್ಲ. ನೆಟ್ಟಗ ಗೌಡ, ಮಂದಿ ಕೂಡಿದ್ದ ಊರ ಕಟ್ಟಿ ಮುಂದ ಹೋಗಿ ನಿಂತ್ಳು.

"ತಪ್ಪು ನಂದದ ರೀ ಗೌಡ್ರ. ಕಲ್ಲು ಸರಿ ಹೇಳಿತ್ತು, ನಾನೇ ತಿರುವಿ ಓದಿದ್ನಿ. ಮೂಡಲಕ್ಕ ತೋಡಬೇಕಿತ್ತು."

ಮಲ್ಕಪ್ಪನೇ ಮೊದಲು, ಬೊಬ್ಬಿ ಎದ್ದ ಕೈಲೆ, ಬಂಡ್ಯಾಗ ಹೇರಿದ್ದ ಗುದ್ದಲಿ ಇಳಿಸಿಕೊಂಡ. ಅವನ ಹಿಂದ ಊರು ಹೋತು.

ಒಂಬತ್ತನೇ ದಿನ ದಪ್ಪ ಉಸುಕು ಹತ್ತಿತು. ನೀರು ಮೊಣಕಾಲಿಗಿ ಬಂತು. ಬಾಯಿಗಿ ಹಾಕಿದ್ರ ಎಳನೀರು! ಗಂಡಸರು ಹೆಂಗಸರು ಅನ್ನದ ಅತ್ತುಬಿಟ್ರಂತ. ಮಲ್ಕಪ್ಪ ಮೊದಲ ತಂಬಿಗಿ ತುಂಬಿ ಸೂಗವ್ವನ ಕೈಗಿ ಕೊಟ್ಟ. ನೀ ಬಾಯಿ ಮುಚ್ಚಿಕೊಂಡಿದ್ರ ನಾವು ಇಷ್ಟೊತ್ತಿಗಿ ದಿಕ್ಕಾಪಾಲಾಗ್ತಿದ್ದಿವಿ ತಾಯಿ ಅಂದ. ಖರೇನೇ, ಆಕಿ ಪುಣ್ಯ, ಇವತ್ತು ನಾವಿಲ್ಲಿ ಕುಂತು ಮಾತಾಡಾಕ ಹತ್ತೀವಿ.

ಈಗೂ ನಮ್ಮ ತೊಗರನಾಳದಾಗ ನಾಕು ಮಂದಿ ಮುಂದ ಯಾರರ ಎದ್ದು ನಿಂತು ತಪ್ಪು ನಂದು ಅಂದ್ರ, ಬೈಯೋದು ಆಮ್ಯಾಲ. ಮೊದಲು ಆ ಬಾವಿಂದ ಒಂದು ತಂಬಿಗಿ ನೀರು ತಂದು ಅವರ ಕೈಗಿ ಕೊಡ್ತಾರ.