ಸವೆದ ಟೈರು ಮತ್ತು ನಿಂಬೆಹಣ್ಣು

ಹೆದ್ದಾರಿಯ ದೂರ ಪ್ರಯಾಣಕ್ಕೆಂದು ಬಾಡಿಗೆಗೆ ಕೊಡುವ ಎರಡು ಐಷಾರಾಮಿ ಕಾರುಗಳು ಒಂದೇ ಅಂಗಳದಲ್ಲಿ ನಿಂತಿದ್ದವು. ಸಂಸಾರದೊಡನೆ ಬಂದ ಶಂಭುಲಿಂಗಯ್ಯನವರು ಎರಡರ ಸೀಟುಗಳನ್ನೂ ಒತ್ತಿ ಒತ್ತಿ ನೋಡಿ, ಹೆಚ್ಚು ಮೆತ್ತಗಿದ್ದ ಬಿಳಿ ಕಾರನ್ನೇ ಆರಿಸಿದರು.

ಬಿಳಿ ಕಾರಿನ ಮುಂದಿನ ಟೈರಿನ ಎದೆ ಧಸಕ್ಕೆಂದಿತು. ಅದರ ಮೈ ಸವೆದು ಒಳಗಿನ ತಂತಿ ಇಣುಕುತ್ತಿತ್ತು. ವೇಗ ಹೆಚ್ಚಿದರೆ ತಾನು ಸಿಡಿಯುವುದು ಖಂಡಿತವೆಂದು ಅದಕ್ಕೆ ಗೊತ್ತಿತ್ತು. ಅಷ್ಟರಲ್ಲಿ ಕಾರಿನ ಮಾಲೀಕ ಬಂದು, ಮಂಡಿಯೂರಿ, ಟೈರಿನ ಅಡಿಗೆ ನಿಂಬೆಹಣ್ಣೊಂದನ್ನು ಇಟ್ಟು ಕೈಮುಗಿದು ಹೋದ.

“ನಡುಗುತ್ತೀಯೇಕಯ್ಯಾ?” ಎಂದಿತು ನಿಂಬೆಹಣ್ಣು. “ನಜ್ಜುಗುಜ್ಜಾಗುವವನು ನಾನು. ನಿಮಗೆ ಅಪಾಯ ಬಾರದಿರಲೆಂದೇ ನನ್ನನ್ನು ಇಟ್ಟಿದ್ದಾರೆ.”

“ನಿನ್ನನ್ನು ಇಡಲು ಆ ಮನುಷ್ಯ ನನ್ನ ಮುಖದವರೆಗೆ ಬಗ್ಗಿದನಲ್ಲ! ಆಗಲಾದರೂ ನನ್ನ ಮೈ ನೋಡಬಾರದಿತ್ತೇ?” ಎಂದು ಟೈರು ಗುಡುಗಿತು. “ಕಣ್ಣೆದುರಿನ ಕೆಲಸ ಬಿಟ್ಟು ಕೈಮುಗಿಯುವುದು ಶುದ್ಧ ಸೋಮಾರಿತನ!”

ಮಕ್ಕಳು ಹತ್ತಿದರು, ಎಂಜಿನ್ ಶುರುವಾಯಿತು. ಟೈರು ಇದ್ದ ಗಾಳಿಯನ್ನೆಲ್ಲ ಉಸ್ಸೆಂದು ಬಿಟ್ಟು ನೆಲ ಹಿಡಿದು ಕೂತಿತು.

“ಗಿರಾಕಿಯ ಮುಂದೆ ನನ್ನ ಮಾನ ಕಳೆದೆಯಲ್ಲೋ, ದ್ರೋಹಿ!” ಎಂದು ಕಾರು ಕಿರುಚಿತು.

“ನಿನ್ನ ಮಾನ ಇಲ್ಲೇ ಹೋಗಲಿ. ಅವರ ಪ್ರಾಣ ದಾರಿಯಲ್ಲಿ ಹೋಗುವುದು ಬೇಡ,” ಎಂದಿತು ಟೈರು.

ಶಂಭುಲಿಂಗಯ್ಯನವರು ಕೆಳಗಿಳಿದು ಟೈರನ್ನು ಸವರಿದರು. ತಂತಿ ಬೆರಳಿಗೆ ಚುಚ್ಚಿತು. ಅವರು ಮಕ್ಕಳನ್ನು ಇಳಿಸಿಕೊಂಡು ಪಕ್ಕದ ಕಪ್ಪು ಕಾರಿನ ಬಳಿಗೆ ನಡೆದರು. ಅದರ ಬಾಗಿಲನ್ನು ಅವರು ತೆರೆಯಲಿಲ್ಲ. ಮೊದಲು ಅದರ ಚಕ್ರದ ಮುಂದೆ ಮಂಡಿಯೂರಿದರು.